ತೇಲುವುದು, ಕಚ್ಚುವುದು: ಹಿಮವಾಹನಕ್ಕೆ ಸ್ಕೀ ಆರಿಸುವ ಬಗೆ

ಸ್ನೋಮೊಬೈಲ್ ಎಂಬ ಹಿಮವಾಹನವನ್ನು ಮುಂದಕ್ಕೆ ನೂಕುವುದು ಅದರ ಅಡಿಯಲ್ಲಿ ಸುತ್ತುತ್ತಿರುವ ಅಗಲವಾದ ರಬ್ಬರ್ ಟ್ರ್ಯಾಕ್ ಆದರೂ, ಅದಕ್ಕೆ ದಿಕ್ಕು ಕೊಡುವ ಹೊಣೆಯೆಲ್ಲ ಮುಂಭಾಗದ ಎರಡು ಸ್ಕೀಗಳದು. ಸುಮಾರು 200ರಿಂದ 270 ಕಿಲೋ ತೂಗುವ ಯಂತ್ರ, ಅದರ ಮೇಲೆ ಕುಳಿತ ಸವಾರ, ಗಂಟೆಗೆ 80 ಕಿಲೋಮೀಟರ್ ವೇಗ, ಪೈನ್ ಮರಗಳ ಸಂದಿನಲ್ಲಿ ಹಠಾತ್ತಾಗಿ ಎದುರಾಗುವ ತಿರುವು, ಇವೆಲ್ಲ ಕೂಡಿಬಂದ ಕ್ಷಣದಲ್ಲಿ ವಾಹನವು ತಿರುವನ್ನು ಅನುಸರಿಸುವುದೋ ನೆಟ್ಟಗೆ ಮರಕ್ಕೆ ಹೋಗಿ ಬಡಿಯುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವವು ಒಂದು ಮೀಟರಿನಷ್ಟು ಉದ್ದದ ಎರಡು ಪ್ಲಾಸ್ಟಿಕ್ ಹಲಗೆಗಳು ಮತ್ತು ಅವುಗಳ ಅಡಿಯಲ್ಲಿ ಬಿಗಿದಿರುವ ಬೆರಳು ದಪ್ಪದ ಉಕ್ಕಿನ ಸರಳುಗಳು. ಅಮೆರಿಕ ಮತ್ತು ಕೆನಡಾ ದೇಶಗಳ ಸವಾರರು, ವಾಹನದೊಡನೆ ಬಂದ ಸ್ಕೀಗಳನ್ನು ಬಿಚ್ಚಿಟ್ಟು, ಬೇರೆ ತಯಾರಕರು ಪ್ರತ್ಯೇಕವಾಗಿ ಮಾಡಿ ಮಾರುವ ಸ್ಕೀಗಳನ್ನು ಕೊಂಡು ಜೋಡಿಸಿಕೊಳ್ಳುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಯಾವುದನ್ನು ಕೊಳ್ಳಬೇಕು, ಕೊಳ್ಳುವ ಅಗತ್ಯವಾದರೂ ಇದೆಯೇ ಎಂಬ ವಿಚಾರವು ಮೇಲುನೋಟಕ್ಕೆ ಅಲ್ಪವೆಂದು ತೋರಿದರೂ, ಸವಾರಿಯ ಸುಖವೂ ಕ್ಷೇಮವೂ ಅದನ್ನೇ ಆಶ್ರಯಿಸಿಕೊಂಡಿರುವುದರಿಂದ, ತಾಳ್ಮೆಯಿಂದ ಪರ್ಯಾಲೋಚಿಸತಕ್ಕದ್ದಾಗಿದೆ.

ನಮ್ಮ ನಾಡಿನ ಓದುಗರಿಗೂ ಈ ವಾಹನ ತೀರ ಅಪರಿಚಿತವಲ್ಲ. ಗುಲ್ಮಾರ್ಗಿಗೆ ಚಳಿಗಾಲದಲ್ಲಿ ಪ್ರವಾಸ ಹೋದವರು ಅದನ್ನು ಸ್ನೋ ಸ್ಕೂಟರ್ ಎಂಬ ಹೆಸರಿನಲ್ಲಿ ಕಂಡಿರುತ್ತಾರೆ. ಸಿಯಾಚಿನ್ ಹಿಮನದಿಯ ಮೇಲೆ ನಮ್ಮ ಸೈನ್ಯವೂ ಅದನ್ನು ಬಳಸುತ್ತದೆ. ಉದ್ಯೋಗನಿಮಿತ್ತ ಮಿನೆಸೋಟದಲ್ಲಿಯೋ ಒಂಟಾರಿಯೋದಲ್ಲಿಯೋ ನೆಲೆಸಿದ ಕನ್ನಡಿಗರಲ್ಲಿ, ಐದು ತಿಂಗಳ ಹಿಮವನ್ನು ಬಾಗಿಲು ಹಾಕಿಕೊಂಡು ಸಹಿಸುವುದಕ್ಕಿಂತ ಅದರೊಡನೆ ಸಖ್ಯ ಬೆಳೆಸುವುದೇ ಲೇಸೆಂದು ಬಗೆದು ಇಂಥ ವಾಹನವನ್ನು ಕೊಂಡವರೂ ಉಂಟು. ಆದರೆ ಇದರ ತವರು ಉತ್ತರ ಅಮೆರಿಕದ ಶೀತಪ್ರದೇಶವೇ.

ವಿಸ್ಕಾನ್ಸಿನ್ ಸಂಸ್ಥಾನದ ಸೇನರ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲಿಯಾಸನ್ ಎಂಬಾತನಿದ್ದನು. ಪಾದದ ಊನದಿಂದಾಗಿ, ಹಿಮದಲ್ಲಿ ಬೇಟೆಗೆ ಹೊರಟ ಗೆಳೆಯರ ಸಮಕ್ಕೆ ನಡೆಯಲಾರದೆ ಹಿಂದುಳಿಯುತ್ತಿದ್ದ ಆತನು 1924ರಲ್ಲಿ ದೋಣಿಗೆ ಕಟ್ಟುವ ಪುಟ್ಟ ಎಂಜಿನನ್ನು ಹಲಗೆಯ ಬಂಡಿಯೊಂದಕ್ಕೆ ಕೂಡಿಸಿ, ಮುಂದೆ ಎರಡು ಮರದ ಸ್ಕೀಗಳನ್ನಿಟ್ಟು, ಅವನ್ನು ಹಗ್ಗದಿಂದ ತಿರುಗಿಸಿದನು. 1927ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬಲ್ಲಿ ಜೋಸೆಫ್-ಅರ್ಮಾಂ ಬೊಂಬಾರ್ಡಿಯೆ 1934ರ ಚಳಿಗಾಲದಲ್ಲಿ, ಹಿಮದಿಂದ ದಾರಿ ಮುಚ್ಚಿಹೋದುದರಿಂದ ಆಸ್ಪತ್ರೆಗೆ ಒಯ್ಯಲಾರದೆ, ಎರಡು ವರ್ಷದ ಮಗನನ್ನು ಕಳೆದುಕೊಂಡನು. ಹಿಮದ ಮೇಲೆ ಚಲಿಸುವ ಯಂತ್ರವೊಂದನ್ನು ಮೊದಲೇ ಅರಸುತ್ತಿದ್ದ ಆತನ ಪ್ರಯತ್ನ ಆಮೇಲೆ ವ್ರತವೇ ಆಯಿತೆಂದರೆ ಸಲ್ಲುತ್ತದೆ. 1937ರಲ್ಲಿ ಏಳು ಜನ ಕೂರುವ ಬಿ-7 ವಾಹನವೂ, 1959ರಲ್ಲಿ ಒಬ್ಬಿಬ್ಬರು ಏರಬಹುದಾದ ಸ್ಕೀ-ಡೂ ಎಂಬ ಹಗುರ ವಾಹನವೂ ಆತನ ಕಾರ್ಖಾನೆಯಿಂದ ಹೊರಬಂದವು. ಆ ಮೊದಲ ಸ್ಕೀ-ಡೂಗೂ ಮರದ ಸ್ಕೀಗಳೇ ಇದ್ದವು. ಮುಂದೆ ಉಕ್ಕಿನ ಸ್ಕೀಗಳು ಬಂದು ಬಹುಕಾಲ ಮೆರೆದು, ಅವುಗಳ ಜಾಗವನ್ನು ಈಗ ಅತಿ ದೀರ್ಘ ಅಣುಸರಣಿಯ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಆಕ್ರಮಿಸಿದೆ. ಅದಕ್ಕೆ ಕಾರಣವಿಲ್ಲದಿಲ್ಲ: ಅದು ಹಗುರ, ಹಿಮ ಅದಕ್ಕೆ ಸುಲಭವಾಗಿ ಅಂಟದು, ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಲ್ಲಿಗೆ ತಾಗಿದರೆ ಸಿಡಿದು ಒಡೆಯದೆ ಬಾಗಿ ತಾಳಿಕೊಳ್ಳುತ್ತದೆ.

ಸ್ಕೀ ಮಾಡಬೇಕಾದ ಕೆಲಸಗಳು ಎರಡು, ಮತ್ತು ಇವೆರಡೂ ಪರಸ್ಪರ ವಿರುದ್ಧ ಸ್ವಭಾವದವು ಎಂಬಲ್ಲಿಯೇ ಇಡೀ ಸಮಸ್ಯೆಯ ಮೂಲವಿದೆ. ಮೆತ್ತನೆಯ ಹಿಮದಲ್ಲಿ ಅದು ವಾಹನದ ಮೂತಿಯನ್ನು ಎತ್ತಿ ಹಿಡಿದು ತೇಲಿಸಬೇಕು. ಗಟ್ಟಿ ಹಿಮದಲ್ಲಿ ಅದೇ ಸ್ಕೀ ನೆಲವನ್ನು ಕಚ್ಚಿ, ಪಕ್ಕಕ್ಕೆ ಜಾರದಂತೆ ತಡೆಯಬೇಕು. ಹಿಮವೆಂದರೆ ಎಲ್ಲೆಡೆಯೂ ಒಂದೇ ಎಂದು ಉಷ್ಣದೇಶದವರಾದ ನಮಗೆ ತೋರುವುದು ಸಹಜ. ಆದರೆ ಆಗತಾನೇ ಬಿದ್ದ ಒಣ ಹಿಮ ಒಂದು ಘನಮೀಟರಿಗೆ 50ರಿಂದ 100 ಕಿಲೋ ಮಾತ್ರ ತೂಗಿದರೆ, ಯಂತ್ರದಿಂದ ಒತ್ತಿ ಸಮ ಮಾಡಿದ ದಾರಿಯ ಹಿಮ ಅದರ ಐದಾರು ಪಾಲು ತೂಗುತ್ತದೆ. ಮೊದಲನೆಯದರಲ್ಲಿ ಮನುಷ್ಯ ಸೊಂಟದವರೆಗೆ ಹೂತುಹೋದಾನು. ಎರಡನೆಯದರ ಮೇಲೆ ಬೂಟಿನ ಹಿಮ್ಮಡಿಯ ಗುರುತೂ ಮೂಡದು. ತೇಲುವುದಕ್ಕೆ ವಿಸ್ತಾರ ಬೇಕು, ಕಚ್ಚುವುದಕ್ಕೆ ಮೊನಚು ಬೇಕು. ಒಂದನ್ನು ಹೆಚ್ಚಿಸಿದಷ್ಟೂ ಇನ್ನೊಂದರ ಗುಣ ತಗ್ಗುತ್ತದೆ, ಅಥವಾ ಸವಾರನ ತೋಳಿಗೆ ಭಾರವಾಗಿ ಪರಿಣಮಿಸುತ್ತದೆ. ಆದಕಾರಣ ಅತ್ಯುತ್ತಮವಾದ ಸ್ಕೀ ಯಾವುದೆಂದು ಕೇಳುವವನಿಗೆ, ನೀನು ಓಡಿಸುವ ಹಿಮ ಯಾವುದು ಎಂದು ಮರುಪ್ರಶ್ನೆ ಹಾಕುವುದೇ ಬಲ್ಲವರ ಮೊದಲ ಉತ್ತರ.

ಸ್ಕೀಯೊಂದನ್ನು ಬಿಚ್ಚಿ ಬೆಂಚಿನ ಮೇಲೆ ಅಂಗಾತ ಮಲಗಿಸಿ ನೋಡಿದರೆ ಈ ಮಾತು ಕಣ್ಣಿಗೆ ಕಾಣುತ್ತದೆ. ಮುಂತುದಿ ಮೇಲಕ್ಕೆ ಬಾಗಿದೆ. ಅದಕ್ಕೆ ಹಿಡಿದೆಳೆಯಲು ಅನುಕೂಲವಾಗಿ ಬಳೆಯಂಥ ಹಿಡಿಯೊಂದುಂಟು. ಅಡಿಯ ನಡುವೆ ಉದ್ದಕ್ಕೂ ಪ್ಲಾಸ್ಟಿಕ್ಕಿನಲ್ಲೇ ಎರಕಗೊಂಡ ಏಣೊಂದು ಎದ್ದಿದೆ. ಮೆತ್ತನೆಯ ಹಿಮದಲ್ಲಿ ಈ ಏಣೇ ಪಕ್ಕದ ಜಾರುವಿಕೆಯನ್ನು ತಡೆಯುತ್ತದೆ. ಏಣು ಆಳವಾದಷ್ಟೂ ಹಿಡಿತ ಹೆಚ್ಚು, ಹ್ಯಾಂಡಲ್ ತಿರುಗಿಸುವ ಶ್ರಮವೂ ಹೆಚ್ಚು. ಏಣಿನ ತುದಿಯಲ್ಲಿ ಕೊರೆದ ಕಾಲುವೆಯೊಳಗೆ ಉಕ್ಕಿನ ಸರಳೊಂದು ಬೋಲ್ಟುಗಳಿಂದ ಬಿಗಿಯಲ್ಪಟ್ಟಿದೆ; ಸವಾರರು ಅದನ್ನು ರನ್ನರ್ ಎನ್ನುತ್ತಾರೆ. ರನ್ನರಿನ ನಡುಭಾಗದಲ್ಲಿ, ಯಂತ್ರದ ಭಾರ ಬೀಳುವ ಎಡೆಯಲ್ಲಿ, ನಾಲ್ಕೋ ಆರೋ ಎಂಟೋ ಅಂಗುಲದಷ್ಟು ಟಂಗ್‌ಸ್ಟನ್ ಕಾರ್ಬೈಡಿನ ತುಂಡುಗಳನ್ನು ಬೆಸೆದಿರುತ್ತಾರೆ. ಉಕ್ಕಿಗಿಂತ ಎಷ್ಟೋ ಪಾಲು ಕಠಿಣವಾದ ಈ ಪದಾರ್ಥದ ಚೂಪಾದ ಅಂಚು ಮಂಜುಗಡ್ಡೆಯನ್ನು ಗೀರಿಕೊಂಡು ಹೋಗುವುದರಿಂದಲೇ ಗಟ್ಟಿ ದಾರಿಯಲ್ಲಿ ವಾಹನ ತಿರುಗುತ್ತದೆ. ಅಲ್ಲಿ ಸ್ಕೀಯ ಅಗಲವಾದ ಪ್ಲಾಸ್ಟಿಕ್ಕಿಗೆ ಜಾರಿಕೊಂಡು ಹೋಗುವುದರ ಹೊರತು ಹೆಚ್ಚಿನ ಕೆಲಸವಿಲ್ಲ. ರನ್ನರುಗಳನ್ನೇ ಮಾಡಿ ಮಾರುವ ವುಡೀಸ್, ಸ್ಟಡ್ ಬಾಯ್ ಮೊದಲಾದ ಸಂಸ್ಥೆಗಳು ಮಿಷಿಗನ್ ಸಂಸ್ಥಾನದಲ್ಲಿವೆ. ಸ್ಕೀಯನ್ನು ಬದಲಿಸದೆ ರನ್ನರನ್ನು ಮಾತ್ರ ಬದಲಿಸಿ ವಾಹನದ ನಡತೆಯನ್ನು ಎಷ್ಟೋ ಮಟ್ಟಿಗೆ ತಿದ್ದಬಹುದೆಂಬುದನ್ನು ಹೊಸ ಸವಾರರು ಮರೆಯಬಾರದು.

ಸವಾರರನ್ನು ಬೇರೆ ಸ್ಕೀಗಳ ಕಡೆಗೆ ಅಟ್ಟುವ ದೂರುಗಳಲ್ಲಿ ಅಗ್ರಗಣ್ಯವಾದದ್ದು ಡಾರ್ಟಿಂಗ್, ಎಂದರೆ ವಾಹನ ದಾರಿಯ ಗೀರುಗಳಿಗೆ ಸಿಕ್ಕಿ ತಾನಾಗಿ ಅತ್ತಿತ್ತ ಹಾಯುವುದು. ಮಿನೆಸೋಟ ಸಂಸ್ಥಾನವೊಂದರಲ್ಲಿಯೇ 22,000 ಮೈಲಿಗೂ ಮೇಲ್ಪಟ್ಟು ಸ್ನೋಮೊಬೈಲ್ ದಾರಿಗಳಿವೆ. ಸ್ಥಳೀಯ ಕ್ಲಬ್ಬುಗಳವರು ಭಾರಿ ಯಂತ್ರಗಳಿಂದ ಅವನ್ನು ಒತ್ತಿ ಸಮಗೊಳಿಸುತ್ತಾರೆ. ಈ ದಾರಿಗಳ ಮೇಲೆ ಹಗಲೆಲ್ಲ ನೂರಾರು ವಾಹನಗಳು ಓಡಿದಾಗ ಅವುಗಳ ಕಾರ್ಬೈಡುಗಳು ದಾರಿಯುದ್ದಕ್ಕೂ ಸಣ್ಣ ಸಣ್ಣ ಗೀರುಗಳನ್ನು ಕೊರೆದಿಡುತ್ತವೆ. ಹೊಲದ ದಾರಿಯಲ್ಲಿ ಬಂಡಿಜಾಡಿಗೆ ಬಿದ್ದ ಗಾಲಿ, ಗಾಡಿ ಹೊಡೆಯುವವನು ಎತ್ತುಗಳನ್ನು ಎಷ್ಟು ಎಳೆದರೂ ಜಾಡು ಬಿಟ್ಟು ಹೊರಗೆ ಬರಲೊಪ್ಪದಿರುವುದನ್ನು ನಾವೆಲ್ಲ ಕಂಡಿದ್ದೇವಷ್ಟೆ. ಹಿಂದಿನವರ ಗೀರಿಗೆ ಸಿಕ್ಕಿದ ರನ್ನರಿನ ಗತಿಯೂ ಅದೇ. ಒಂದು ಸ್ಕೀ ಎಡದ ಗೀರನ್ನು ಹಿಡಿದು ಹೊರಟರೆ ಮರುಕ್ಷಣ ಇನ್ನೊಂದು ಬಲದ ಗೀರನ್ನು ಹಿಡಿಯುತ್ತದೆ. ವಾಹನ ತಾನಾಗಿ ಅತ್ತಿತ್ತ ಹಾಯುತ್ತ, ಸವಾರನು ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದು ಹಿಡಿದು ಸಂಜೆಯ ಹೊತ್ತಿಗೆ ಮುಂಗೈ ಸೋತುಹೋಗುತ್ತದೆ. ಎದುರಿನಿಂದ ಇನ್ನೊಂದು ವಾಹನ ಬರುತ್ತಿರುವಾಗ ಹೀಗಾದರೆ ಅದು ಆಯಾಸದ ಮಾತಷ್ಟೇ ಆಗಿ ಉಳಿಯದು.

ಇದಕ್ಕೆ ತಯಾರಕರು ಕಂಡುಕೊಂಡ ಪರಿಹಾರ ಜೋಡಿ ಏಣಿನ ಸ್ಕೀ. ಒಂದು ಏಣಿನ ಬದಲು, ಸ್ವಲ್ಪ ಅಂತರದಲ್ಲಿ ಸಮಾನಾಂತರವಾದ ಎರಡು ಏಣುಗಳು, ಎರಡಕ್ಕೂ ಬೇರೆ ಬೇರೆ ರನ್ನರುಗಳು. ಒಂದು ರನ್ನರು ಗೀರಿಗೆ ಬಿದ್ದರೂ ಇನ್ನೊಂದು ಗೀರಿಲ್ಲದ ಹಿಮದ ಮೇಲಿದ್ದು ಅದನ್ನು ಹಿಡಿದು ನಿಲ್ಲಿಸುತ್ತದೆ. ಸಿಮನ್ಸ್ ಕಂಪನಿಯ ಫ್ಲೆಕ್ಸಿ-ಸ್ಕೀ ಈ ಬಗೆಯಲ್ಲಿ ಹೆಸರಾದದ್ದು. ಎರಡು ಏಣುಗಳ ನಡುವಿನ ಓಣಿಯಲ್ಲಿ ಹಿಮ ಅಮುಕಲ್ಪಟ್ಟು ಮೆತ್ತನೆಯ ಹಿಮದಲ್ಲಿಯೂ ಹಿಡಿತ ಕೊಡುವುದು ಅದರ ಇನ್ನೊಂದು ಗುಣ. ಆದರೆ ನಾಲ್ಕು ರನ್ನರುಗಳು ನೆಲ ಕಚ್ಚಿರುವಾಗ ನಿಧಾನಗತಿಯಲ್ಲಿ ಹ್ಯಾಂಡಲ್ ತಿರುಗಿಸುವುದು ಭಾರವಾಗುತ್ತದೆ, ಸವೆದಾಗ ಕೊಳ್ಳಬೇಕಾದ ರನ್ನರುಗಳೂ ಎರಡರ ಬದಲು ನಾಲ್ಕಾಗುತ್ತವೆ. ದಿನವಿಡೀ ಕ್ಲಬ್ಬಿನ ದಾರಿಗಳಲ್ಲಿಯೇ ಓಡಿಸುವವನಿಗೆ ಈ ವೆಚ್ಚ ಸಾರ್ಥಕವೆಂಬುದೇ ನನ್ನ ಅಭಿಪ್ರಾಯ. ತೋಳಿನ ಬಲ ಕಡಿಮೆಯಿರುವವರು ಮಾತ್ರ ಕೊಳ್ಳುವ ಮುನ್ನ ಯಾರದಾದರೂ ವಾಹನದಲ್ಲಿ ಓಡಿಸಿ ನೋಡುವುದು ಒಳ್ಳೆಯದು.

ಆದರೆ ದೂರೆಲ್ಲಕ್ಕೂ ಸ್ಕೀಯೇ ಹೊಣೆಯಲ್ಲ. ಮಿನೆಸೋಟದಲ್ಲಿರುವ ನನ್ನ ಸೋದರಳಿಯನು ಹಳೆಯ ವಾಹನವೊಂದನ್ನು ಕೊಂಡು, ಅದು ಕೈಗೆ ಬಗ್ಗುವುದಿಲ್ಲವೆಂದು ಬೇಸರಪಟ್ಟು, "ಮಾವ, ಈ ಸ್ಕೀಗಳನ್ನು ಎಸೆದು ಜೋಡಿ ಏಣಿನವನ್ನೇ ತರಿಸಿಬಿಡುತ್ತೇನೆ" ಎಂದು ಹಟ ಹಿಡಿದಿದ್ದನು. ಪಕ್ಕದ ಮನೆಯ ವೃದ್ಧ ರೈತರೊಬ್ಬರು, ಯೌವನದಿಂದಲೂ ಇಂಥ ವಾಹನಗಳ ನಡುವೆಯೇ ಬಾಳಿದವರು, ಆರ್ಡರ್ ಮಾಡುವುದಕ್ಕೆ ಮೊದಲು ಒಮ್ಮೆ ನೋಡೋಣವೆಂದು ಶೆಡ್ಡಿಗೆ ಬಂದರು. ಅವರು ಮೊದಲು ಮಾಡಿದ ಕೆಲಸ ಸ್ಕೀಯ ಮೂತಿಯನ್ನು ಎತ್ತಿ ಮರದ ದಿಮ್ಮಿಯ ಮೇಲಿಟ್ಟು, ಕೈಗವಸು ಬಿಚ್ಚಿ, ಕಾರ್ಬೈಡಿನ ಅಂಚಿನ ಮೇಲೆ ಹೆಬ್ಬೆರಳ ಉಗುರನ್ನು ಎಳೆದದ್ದು. ಹೊಸ ಅಂಚಾಗಿದ್ದರೆ ಉಗುರಿನಿಂದ ಬಿಳಿಯ ಪುಡಿ ಏಳಬೇಕಾಗಿತ್ತು. ಇಲ್ಲಿ ಉಗುರು ಸರಾಗವಾಗಿ ಜಾರಿತು. ಅಂಚು ದುಂಡಾಗಿ, ನಡುವೆ ಒಂದೆಡೆ ತುಂಡೇ ಹಾರಿಹೋಗಿ, ಬರಿಯ ಉಕ್ಕು ಹೊಳೆಯುತ್ತಿತ್ತು. ಆಮೇಲೆ ಹ್ಯಾಂಡಲನ್ನು ನೆಟ್ಟಗೆ ನಿಲ್ಲಿಸಿ ರಬ್ಬರ್ ಹಗ್ಗದಿಂದ ಬಿಗಿದು, ನೇರವಾದ ರೀಪೊಂದನ್ನು ಟ್ರ್ಯಾಕಿನ ಪಕ್ಕಕ್ಕೆ ಒತ್ತಿ ಮುಂದಕ್ಕೆ ಚಾಚಿ, ಅದರಿಂದ ರನ್ನರಿನ ಮುಂತುದಿಗೂ ಹಿಂತುದಿಗೂ ಇರುವ ದೂರವನ್ನು ಟೇಪಿನಿಂದ ಅಳೆದರು. ಎರಡು ಸ್ಕೀಗಳ ಮೂತಿಗಳು ಹಿಂಭಾಗಕ್ಕಿಂತ 3ರಿಂದ 6 ಮಿಲಿಮೀಟರಿನಷ್ಟು ಹೊರಕ್ಕೆ ತೆರೆದಿರುವುದು ಸಾಮಾನ್ಯ ಕ್ರಮ. ಇವು ಒಳಕ್ಕೆ ತಿರುಗಿಕೊಂಡಿದ್ದವು. ಹಾಗೆ ಒಳಮುಖವಾದ ಸ್ಕೀಗಳು ಒಂದನ್ನೊಂದು ವಿರೋಧಿಸುತ್ತ ಓಡುವುದರಿಂದ, ಎಂಥ ಬೆಲೆಯುಳ್ಳವನ್ನು ತಂದು ಹಾಕಿದರೂ ವಾಹನ ತೊನೆಯುವುದು ತಪ್ಪದು. ಹ್ಯಾಂಡಲಿನ ತಿರುವನ್ನು ಸ್ಕೀಗೆ ಮುಟ್ಟಿಸುವ ಟೈ-ರಾಡಿನ ನಟ್ಟುಗಳನ್ನು ಸಡಿಲಿಸಿ ಅಳತೆ ಸರಿಪಡಿಸಿ, ಹೊಸ ರನ್ನರುಗಳನ್ನು ಹಾಕಿದ ಮೇಲೆ ಸೋದರಳಿಯನು ಆ ಚಳಿಗಾಲವೆಲ್ಲ ಹಳೆಯ ಸ್ಕೀಗಳಲ್ಲಿಯೇ ಓಡಾಡಿದನು.

ಸ್ಕೀಗೂ ಅದನ್ನು ವಾಹನಕ್ಕೆ ಸೇರಿಸುವ ಕಾಲಿಗೂ ನಡುವೆ ಕೂತಿರುವ ರಬ್ಬರ್ ತುಂಡಿನ ವಿಷಯವನ್ನೂ ಆ ಹಿರಿಯರೇ ತೋರಿಸಿಕೊಟ್ಟರು. ಅದು ಕುಗ್ಗಿದ್ದರೆ ಭಾರವೆಲ್ಲ ರನ್ನರಿನ ಮುಂಭಾಗಕ್ಕೆ ಬಿದ್ದು, ಮೂತಿ ಕೆಳಗಾಗಿ, ಗೀರುಗಳನ್ನು ಹುಡುಕಿಕೊಂಡು ಹೋಗುವ ಚಾಳಿ ಹೆಚ್ಚುತ್ತದೆ. ರಬ್ಬರಿನ ಹಿಂಭಾಗದಡಿ ಕೆಲವು ಮಿಲಿಮೀಟರ್ ದಪ್ಪದ ತಗಡು ಕೊಟ್ಟರೆ ಒತ್ತಡ ಹಿಂದಕ್ಕೆ ಸರಿದು ಚಾಳಿ ತಗ್ಗುತ್ತದೆ. ನೂರಾರು ಡಾಲರಿನ ಸ್ಕೀಗಳು ಮಾಡಲಾರದ ಕೆಲಸವನ್ನು ಕೆಲವೊಮ್ಮೆ ಈ ತಗಡೇ ಮಾಡಿಬಿಡುತ್ತದೆ.

ಇನ್ನೊಂದು ದೂರು ಡಾರ್ಟಿಂಗಿಗೆ ತದ್ವಿರುದ್ಧವಾದದ್ದು. ಹ್ಯಾಂಡಲ್ ತಿರುಗಿದೆ, ಸ್ಕೀಗಳೂ ತಿರುಗಿವೆ, ವಾಹನ ಮಾತ್ರ ತಿರುಗದೆ ನೆಟ್ಟಗೆ ಜಾರುತ್ತಿದೆ. ಮಂಜುಗಟ್ಟಿದ ಸರೋವರಗಳ ಮೇಲೆ ಓಡಿಸುವವರು ಹಿಡಿತಕ್ಕಾಗಿ ಟ್ರ್ಯಾಕಿಗೆ ನೂರಕ್ಕೂ ಮಿಕ್ಕಿ ಲೋಹದ ಮೊಳೆಗಳನ್ನು ಹೊಡೆಸಿರುತ್ತಾರೆ. ಆಗ ಹಿಂಭಾಗದ ಹಿಡಿತ ಪ್ರಬಲವಾಗಿ, ಮುಂಭಾಗದ ಹಿಡಿತ ದುರ್ಬಲವಾಗಿ, ಟ್ರ್ಯಾಕು ಸ್ಕೀಗಳನ್ನು ಎದುರಿಗೇ ನೂಕಿಕೊಂಡು ಹೋಗುತ್ತದೆ. ಅಂಥವರಿಗೆ ಉದ್ದನೆಯ ಕಾರ್ಬೈಡೂ ಆಳವಾದ ಏಣಿನ ಸ್ಕೀಯೂ ಬೇಕೇ ಬೇಕು. ಮೊಳೆಗಳಿಲ್ಲದ ಟ್ರ್ಯಾಕಿಗೆ ಅತಿ ಕಚ್ಚುವ ಸ್ಕೀ ಹಾಕಿದರೂ ವಿಪತ್ತೇ: ತಿರುವಿನಲ್ಲಿ ಮೂತಿ ಹಿಡಿದು ನಿಂತು ಹಿಂಭಾಗ ಸುತ್ತಿಕೊಂಡು ಬರುತ್ತದೆ. ಮುಂದಿನ ಹಿಡಿತವೂ ಹಿಂದಿನ ಹಿಡಿತವೂ ಒಂದಕ್ಕೊಂದು ತೂಗಬೇಕೆಂಬ ಈ ನಿಯಮವನ್ನು ಅಂಗಡಿಯವರಲ್ಲಿ ಎಲ್ಲರೂ ಹೇಳಿಕೊಡುವುದಿಲ್ಲ. ಟ್ರ್ಯಾಕಿನ ಸಸ್ಪೆನ್ಷನ್ನಿನೊಳಗೆ ಮುಂದೋಳನ್ನು ಹಿಡಿದಿರುವ ಪಟ್ಟಿಯೊಂದುಂಟು. ಅದನ್ನು ಒಂದು ರಂಧ್ರದಷ್ಟು ಗಿಡ್ಡ ಮಾಡಿದರೆ ಸ್ಕೀಗಳ ಮೇಲೆ ಹೆಚ್ಚು ಭಾರ ಬಿದ್ದು, ಕಾಸು ಖರ್ಚಿಲ್ಲದೆ ತಿರುಗುವ ಗುಣ ಸುಧಾರಿಸುವುದೂ ಉಂಟು.

ಪಶ್ಚಿಮದ ಪರ್ವತಗಳ ಕಡೆಗೆ, ಮೊಂಟಾನದ ವೆಸ್ಟ್ ಯೆಲ್ಲೋಸ್ಟೋನ್, ಬ್ರಿಟಿಷ್ ಕೊಲಂಬಿಯದ ರೆವೆಲ್‌ಸ್ಟೋಕ್ ಮೊದಲಾದ ಎಡೆಗಳಿಗೆ, ಹೋದರೆ ಈವರೆಗೆ ಹೇಳಿದ ಮಾತುಗಳೆಲ್ಲ ಬೇರೆ ಬಣ್ಣ ತಾಳುತ್ತವೆ. ಅಲ್ಲಿ ಒತ್ತಿ ಮಾಡಿದ ದಾರಿಯಿಂದ ಹೊರಗೆ ಕಾಲಿಟ್ಟ ಕೂಡಲೇ ತಳ ಕಾಣದ ಹಿಮದ ರಾಶಿ. ದಾರಿಯ ಸ್ಕೀಗಳು 13ರಿಂದ 15 ಸೆಂಟಿಮೀಟರ್ ಅಗಲವಿದ್ದರೆ ಪರ್ವತದ ಸ್ಕೀಗಳು 18ರಿಂದ 21 ಸೆಂಟಿಮೀಟರಿನವರೆಗೂ ಹೋಗುತ್ತವೆ. ಮೂತಿ ಇನ್ನೂ ಎತ್ತರಕ್ಕೆ, ಇನ್ನೂ ನಿಧಾನವಾದ ಬಾಗಿನಲ್ಲಿ ಏರಿರುತ್ತದೆ, ಏಕೆಂದರೆ ಹಿಮದೊಳಗೆ ಮುಳುಗಿದ ಮೂತಿ ಮೇಲಕ್ಕೆದ್ದು ಬರಬೇಕಾದರೆ ಹಿಮವನ್ನು ಕೆಳಕ್ಕೆ ಒತ್ತುವ ಇಳಿಜಾರು ಬೇಕು. ಕಾರ್ಬೈಡಿಗೆ ಅಲ್ಲಿ ಬೆಲೆಯಿಲ್ಲವೆಂದಲ್ಲ, ಪರ್ವತದ ಬುಡದವರೆಗಿನ ದಾರಿಯಲ್ಲಿ ಅದು ಬೇಕು; ಆದರೆ ಆಳವಾದ ಹಿಮದಲ್ಲಿ ಕಚ್ಚುವುದಕ್ಕೆ ಮಂಜುಗಡ್ಡೆಯೇ ಇರುವುದಿಲ್ಲ. ಅಲ್ಲಿಯ ನಿಪುಣರು ವಾಹನವನ್ನು ಹ್ಯಾಂಡಲಿನಿಂದ ತಿರುಗಿಸುವುದಕ್ಕಿಂತ ಮೈಭಾರದಿಂದ ಓರೆಮಾಡಿ ತಿರುಗಿಸುತ್ತಾರೆ. ಕಡಿದಾದ ಇಳಿಜಾರಿಗೆ ಅಡ್ಡಲಾಗಿ ಓಡುವಾಗ, ಒಂದು ಕಾಲನ್ನು ಮಾತ್ರ ವಾಹನದ ಪಕ್ಕದ ಮೆಟ್ಟಿಲ ಮೇಲಿಟ್ಟು, ಬೆಟ್ಟದ ಕಡೆಯ ಸ್ಕೀಯನ್ನು ಹಿಮದೊಳಕ್ಕೆ ತುಳಿದು, ಇನ್ನೊಂದು ಸ್ಕೀ ಗಾಳಿಯಲ್ಲಿರುವಂತೆಯೇ ಬಹುದೂರ ಸಾಗುವುದನ್ನು ಕಂಡವರು ಅದರ ಸೊಬಗನ್ನು ಮರೆಯಲಾರರು. ಆ ಹೊತ್ತಿನಲ್ಲಿ ಯಂತ್ರವನ್ನು ಹಿಡಿದು ನಿಲ್ಲಿಸುವುದು ಸ್ಕೀಯ ಹೊರ ಅಂಚು. ಅದು ದುಂಡಾಗಿದ್ದರೆ ವಾಹನ ಕಣಿವೆಯ ಕಡೆಗೆ ಜಾರತೊಡಗುತ್ತದೆ. ಚೌಕವಾಗಿ ಕೆಳಕ್ಕೆ ಇಳಿದ ಅಂಚಾದರೆ ಹಿಮದಲ್ಲಿ ಮೆಟ್ಟಿಲನ್ನು ಕಡಿದುಕೊಂಡಂತೆ ನಿಲ್ಲುತ್ತದೆ. ಐಡಹೋ ಫಾಲ್ಸ್ ಪಟ್ಟಣದ ಸ್ಟಾರ್ಟಿಂಗ್ ಲೈನ್ ಪ್ರಾಡಕ್ಟ್ಸ್ ಮೊದಲಾದ ಪರ್ವತಪ್ರದೇಶದ ತಯಾರಕರು ಮನಸ್ಸಿಟ್ಟು ದುಡಿದಿರುವುದು ಇಂಥ ಸೂಕ್ಷ್ಮಗಳ ಮೇಲೆ. ಅಂಗಡಿಯಲ್ಲಿ ಪರ್ವತದ ಸ್ಕೀ ನೋಡುವವರು ಅಗಲವನ್ನು ಅಳೆಯುವ ಮುನ್ನ ಈ ಅಂಚಿನ ಮೇಲೆ ಕೈಯಾಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ವರ್ಷಕ್ಕೊಂದು ವಾರ ಮಾತ್ರ ಪರ್ವತಕ್ಕೆ ಹೋಗಿ, ಉಳಿದ ಚಳಿಗಾಲವನ್ನೆಲ್ಲ ಊರಿನ ದಾರಿಗಳಲ್ಲಿ ಕಳೆಯುವವರು ಯಾವುದನ್ನು ಕೊಳ್ಳಬೇಕು? ಇವರೇ ಬಹುಸಂಖ್ಯಾತರು; ಜಾಹೀರಾತುಗಳಿಗೆ ಸುಲಭವಾಗಿ ಮರುಳಾಗುವವರೂ ಇವರೇ. ಎರಡು ಸ್ಥಳಕ್ಕೂ ಒಪ್ಪುವುದೆಂದು ಮಾರುವ ನಡು ಅಗಲದ ಸ್ಕೀಗಳು ಬೇಕಾದಷ್ಟಿವೆ, ಕೆಟ್ಟವೂ ಅಲ್ಲ. ಸ್ಕೀ-ಡೂ ಕಂಪನಿಯ ಪೈಲಟ್ ಟಿ.ಎಸ್. ಎಂಬುದರಲ್ಲಿ ಸ್ಕೀಯ ಮೇಲಿನ ಗುಬ್ಬಿಯೊಂದನ್ನು ಕೈಯಿಂದ ತಿರುಗಿಸಿ ರನ್ನರನ್ನು ಬೇಕಾದಷ್ಟು ಕೆಳಗಿಳಿಸುವ ಏರ್ಪಾಡಿದೆ. ಬೆಳಗ್ಗೆ ಗಟ್ಟಿಯಾಗಿದ್ದ ದಾರಿ ಮಧ್ಯಾಹ್ನಕ್ಕೆ ಮೆತ್ತಗಾದಾಗ ಹಿಡಿತವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಹಾಗಿದ್ದರೂ ನನ್ನ ಸಲಹೆಯೇನೆಂದರೆ, ಸವಾರನು ತಾನು ಕನಸಿನಲ್ಲಿ ಕಾಣುವ ಪರ್ವತಕ್ಕಾಗಿ ಅಲ್ಲ, ಶನಿವಾರ ಶನಿವಾರ ತಾನು ನಿಜವಾಗಿ ಓಡಿಸುವ ದಾರಿಗಾಗಿ ಸ್ಕೀ ಆರಿಸತಕ್ಕದ್ದು. ಅಗಲವಾದ ಪರ್ವತದ ಸ್ಕೀ ಗಟ್ಟಿ ದಾರಿಯಲ್ಲಿ ಹಿಡಿತ ಸಾಲದೆ ಜಾರಿ, ಪ್ರತಿ ತಿರುವಿನಲ್ಲಿಯೂ ಆತಂಕವನ್ನುಂಟುಮಾಡುತ್ತದೆ. ದಾರಿಯ ಕಿರಿದಾದ ಸ್ಕೀ ಪರ್ವತದಲ್ಲಿ ಹೆಚ್ಚೆಂದರೆ ಸವಾರನನ್ನು ಹಿಮದಲ್ಲಿ ಹೂಳಿ, ಸಲಿಕೆ ಹಿಡಿಸುತ್ತದೆ.

ಕೊಳ್ಳುವುದು ನಿಶ್ಚಯವಾದ ಮೇಲೆ ಜೋಡಣೆಯ ಮಾತು ಬರುತ್ತದೆ. ಪೊಲಾರಿಸ್, ಸ್ಕೀ-ಡೂ, ಆರ್ಕ್ಟಿಕ್ ಕ್ಯಾಟ್, ಯಮಾಹಾ ವಾಹನಗಳ ಸ್ಕೀಕಾಲುಗಳ ಅಗಲವೂ ಬೋಲ್ಟಿನ ಗಾತ್ರವೂ ಒಂದೇ ಸಮನಲ್ಲ. ಒಂದೇ ಕಂಪನಿಯ ಹಳೆಯ ಹೊಸ ಮಾದರಿಗಳಲ್ಲಿಯೂ ಭೇದವುಂಟು. ಆದ್ದರಿಂದ ಸ್ಕೀಯೊಡನೆ ಆಯಾ ಮಾದರಿಯ ಮೌಂಟ್ ಕಿಟ್ಟನ್ನೂ ಕೇಳಿ ಪಡೆಯಬೇಕು. ಸಡಿಲಾದ ಸಂದನ್ನು ವಾಷರುಗಳಿಂದ ತುಂಬಿ ಕೆಲಸ ಸಾಗಿಸುವುದು ಅಪಾಯಕರ. ಬೋಲ್ಟಿನ ಲಾಕ್‌ನಟ್ಟುಗಳು ಒಮ್ಮೆ ಬಿಚ್ಚಿದ ಮೇಲೆ ಬಿಗಿತ ಕಳೆದುಕೊಳ್ಳುವುದರಿಂದ ಹೊಸವನ್ನೇ ಹಾಕಬೇಕು, ಆದರೂ ಸ್ಕೀ ಮೇಲೆ ಕೆಳಗೆ ಸಲೀಸಾಗಿ ಆಡುವಷ್ಟು ಸ್ವಾತಂತ್ರ್ಯವನ್ನು ಉಳಿಸಬೇಕು. ರಬ್ಬರ್ ತುಂಡಿನ ಯಾವ ಮುಖ ಮುಂದೆ ಎಂಬುದನ್ನು ಹಳೆಯದನ್ನು ಬಿಚ್ಚುವಾಗಲೇ ಗುರುತು ಮಾಡಿಕೊಂಡಿರಬೇಕು. ಅಗಲವಾದ ಸ್ಕೀಯಾದರೆ, ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿಯಾಗಿ ತಿರುಗಿಸಿ, ಅದರ ಒಳ ಅಂಚು ಸಸ್ಪೆನ್ಷನ್ ತೋಳುಗಳಿಗಾಗಲಿ ವಾಹನದ ಹೊಟ್ಟೆಗಾಗಲಿ ತಾಗದೆಂದು ಖಾತರಿ ಮಾಡಿಕೊಂಡು, ರೀಪು ಹಿಡಿದು ಮೂತಿಗಳ ಅಳತೆಯನ್ನು ಹೊಸದಾಗಿ ತೆಗೆಯಬೇಕು. ಮೊದಲ ಸವಾರಿ ಹತ್ತಿಪ್ಪತ್ತು ಮೈಲಿಗಿಂತ ದೂರದ್ದಾಗಬಾರದು. ಹಿಂದಿರುಗಿದ ಕೂಡಲೇ ಸ್ಪ್ಯಾನರ್ ಹಿಡಿದು ರನ್ನರಿನ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯತಕ್ಕದ್ದು, ಏಕೆಂದರೆ ಹೊಸ ಪ್ಲಾಸ್ಟಿಕ್ ಮೊದಲ ದಿನದ ಅದುರಿಗೆ ಸ್ವಲ್ಪ ಅಮುಕಿಕೊಳ್ಳುತ್ತದೆ, ಸಡಿಲವಾದ ರನ್ನರು ದಾರಿಯ ನಡುವೆ ಕಳಚಿಬಿದ್ದರೆ ಸ್ಕೀಯ ಏಣನ್ನು ರಸ್ತೆ ದಾಟುವ ಒಂದೆರಡು ಎಡೆಗಳ ಡಾಂಬರೇ ತಿಂದು ಮುಗಿಸುತ್ತದೆ.